ಕೊನೆಗೆ ಬಂದವರ ಕುರ್ಚಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಮಡಚಿಟ್ಟೆ, ಒಂದು ಸಾಲು ಮಾತ್ರ ಮಡಿಕೆಯೊಳಗೆ ನಿಲ್ಲಲಿಲ್ಲ. "ಈ ಆರ್ಥಿಕ ಹಿಂಜರಿತದ ಹೊತ್ತಲ್ಲಿ ಫೈನಾನ್ಸ್‌ಗೆ ಸೇರಿದರೆ, ಕೊನೆಗೆ ಬಂದವಳು ಅಂತ ಮೊದಲು ನನ್ನನ್ನೇ ಕಳಿಸ್ತಾರಲ್ವಾ ದೊಡ್ಡಮ್ಮ?" ಅಂತ ಕೇಳಿ, ಮುಂದಿನ ಸಾಲಿಗೇ ಬೇರೆ ಮಾತಿಗೆ ಹಾರಿಬಿಟ್ಟಿದ್ದೀಯ. ನಾನು ಇನ್ನೂ ಅಲ್ಲೇ ನಿಂತಿದ್ದೇನೆ.

ಹಾಗೇನೂ ಆಗೋಲ್ಲ ಬಿಡು ಎಂದು ಬರೆದರೆ ಸುಳ್ಳಾಗುತ್ತದೆ. ಆಗುವುದುಂಟು. ಪರಿಹಾರದ ಮೊತ್ತವನ್ನು ಸಾಮಾನ್ಯವಾಗಿ ಸೇವೆಯ ವರ್ಷಗಳ ಮೇಲೆ ಲೆಕ್ಕ ಹಾಕುತ್ತಾರೆ, ಹಾಗಾಗಿ ಹೊಸಬರನ್ನು ಕಳಿಸುವುದು ಅಗ್ಗ. ಪ್ರೊಬೇಷನ್ ಮುಗಿದಿಲ್ಲವೆಂದರೆ ನೋಟಿಸ್ ಅವಧಿಯೂ ಚಿಕ್ಕದು. ಆದರೆ ಹೊಸಬರ ಸಂಬಳವೂ ಚಿಕ್ಕದಲ್ಲವಾ? ಒಬ್ಬ ಹಿರಿಯ ಹೋದರೆ ಉಳಿಯುವ ದುಡ್ಡಿನಲ್ಲಿ ನಿನ್ನಂಥವರು ಮೂರು ಮಂದಿ ಇರಬಹುದು. ಹಾಗಾಗಿ ಖರ್ಚು ಕತ್ತರಿಸಲು ಕೂತವರ ಕಣ್ಣು ಮೊದಲು ಹೋಗುವುದು ಸೇರಿದ ತಾರೀಕಿನ ಮೇಲಲ್ಲ, ಆ ವಿಭಾಗಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ. ವಿಭಾಗವೇ ಮುಚ್ಚಿದಾಗ ಇಪ್ಪತ್ತು ವರ್ಷ ಕಂಡವರೂ ಇಪ್ಪತ್ತು ದಿನ ಕಂಡವರೂ ಒಂದೇ ಲಿಫ್ಟ್‌ನಲ್ಲಿ ಕೆಳಗಿಳಿಯುತ್ತಾರೆ.

ನೀನು "ಫೈನಾನ್ಸ್" ಅಂತ ಒಂದೇ ಪದ ಬರೆದಿದ್ದೀಯ. ಒಳಗೆ ಅದು ಒಂದಲ್ಲ. ಕಂಪನಿಗಳ ವಿಲೀನ, ಹೊಸ ಷೇರು ಬಿಡುಗಡೆ ಮಾಡಿಸುವ ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರಿಗೆ ವ್ಯವಹಾರ ಕುದುರಿದರಷ್ಟೇ ಶುಲ್ಕ. ಕುದುರಲಿಲ್ಲವೆಂದರೆ ಆರು ತಿಂಗಳ ನಿದ್ದೆಗೆಟ್ಟ ಕೆಲಸಕ್ಕೂ ಬಹುಪಾಲು ಸೊನ್ನೆಯೇ. ಇತರರ ಹಣ ಹೂಡುವ ಫಂಡ್‌ಗಳಲ್ಲಿ ಒಟ್ಟು ಮೊತ್ತದ ಮೇಲೆ ಶೇಕಡಾವಾರು ಶುಲ್ಕ, ಅದಕ್ಕೇ ಪೇಟೆ 30% ಬಿದ್ದರೆ ಒಬ್ಬ ಗ್ರಾಹಕನೂ ಬಿಟ್ಟುಹೋಗದಿದ್ದರೂ ಷೇರು ಫಂಡಿನ ಆದಾಯ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಸಾಲ ಕೊಡುವ ವಿಭಾಗಕ್ಕೆ ಹಳೆಯ ಸಾಲದ ಬಡ್ಡಿ ಬರುತ್ತಲೇ ಇರುತ್ತದೆ, ಕೆಟ್ಟ ಸಾಲ ಅದನ್ನು ತಿಂದುಹಾಕುವವರೆಗೆ. ನಷ್ಟದ ಅಪಾಯ ಅಳೆಯುವ ರಿಸ್ಕ್, ಆಂತರಿಕ ಆಡಿಟ್, ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಒಂದು ಕಾಸೂ ದುಡಿಯುವುದಿಲ್ಲ, ಆದರೆ ನಿಯಂತ್ರಕರ ನಿಯಮಗಳು ಅವನ್ನು ಮುಚ್ಚಲು ಬಿಡುವುದಿಲ್ಲ. ಇನ್ನು ಕೆಟ್ಟ ಸಾಲದ ವಸೂಲಾತಿ, ಸಾಲದ ಮರುಹೊಂದಾಣಿಕೆ ಮಾಡುವವರಿಗೆ ಹಿಂಜರಿತವೇ ಸುಗ್ಗಿ. ಯಾರೂ ಕಾಲೇಜಿನಲ್ಲಿ ಕೂತು ಕನಸು ಕಾಣುವ ಕೆಲಸವಲ್ಲ ಅದು, ಒಪ್ಪಿದೆ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದಾಗ ಅಲ್ಲಿ ಸುಮಾರು 25,000 ಮಂದಿ ಕೆಲಸದಲ್ಲಿದ್ದರು. ಪೆಟ್ಟಿಗೆ ಹೊತ್ತು ಹೊರಬಂದವರ ಫೋಟೋ ಎಲ್ಲರೂ ನೋಡಿದ್ದಾರೆ. ಯಾರಿಗೆ ಎಷ್ಟು ಬಾಕಿ, ಯಾವ ಒಪ್ಪಂದಕ್ಕೆ ಯಾವ ಬೆಲೆ ಎಂದು ಆ ಸಂಸ್ಥೆಯ ಲೆಕ್ಕ ಬಿಡಿಸುವ ಕೆಲಸ ಹತ್ತು ವರ್ಷಕ್ಕೂ ಮೀರಿ ನಡೆಯಿತು, ಅದನ್ನು ಮಾಡಿದವರ ಫೋಟೋ ಯಾರೂ ತೆಗೆಯಲಿಲ್ಲ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬೇಡ. ಪಾಲ್ ಓಯರ್ ಎಂಬ ಅರ್ಥಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್‌ನ ಎಂಬಿಎ ತಂಡಗಳ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಷೇರುಪೇಟೆ ಚೆನ್ನಾಗಿದ್ದಾಗ ಓದು ಮುಗಿಸಿದವರು ನೇರವಾಗಿ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋದದ್ದು ಹೆಚ್ಚು, ಹಾಗೆ ಶುರುವಿನಲ್ಲೇ ಹೋದವರು ವರ್ಷಗಳ ನಂತರವೂ ಅಲ್ಲೇ ಉಳಿದದ್ದು ಹೆಚ್ಚು. ಪೇಟೆ ಕೆಟ್ಟಿದ್ದಾಗ ಮುಗಿಸಿದವರಿಗೆ ಆ ಬಾಗಿಲು ಆಮೇಲೆಯೂ ಸುಲಭಕ್ಕೆ ತೆರೆಯಲಿಲ್ಲ. ಅಂದರೆ ನಿನ್ನ ಹೆದರಿಕೆಗೆ ಬುಡವಿಲ್ಲದೆ ಇಲ್ಲ. ಕೆನಡಾದ ಪದವೀಧರರ ಮೇಲೆ ನಡೆದ ಇನ್ನೊಂದು ಅಧ್ಯಯನ ಸ್ವಲ್ಪ ಸಮಾಧಾನ ಕೊಡುತ್ತದೆ: ಹಿಂಜರಿತದಲ್ಲಿ ಹೊರಬಂದವರ ಗಳಿಕೆ ಮೊದಲು ಸುಮಾರು 9% ಕಡಿಮೆ, ಐದು ವರ್ಷದಲ್ಲಿ ಆ ಕೊರತೆ ಅರ್ಧಕ್ಕಿಳಿದು, ಹತ್ತು ವರ್ಷದ ಹೊತ್ತಿಗೆ ಕರಗಿತು. ಚೇತರಿಸಿಕೊಂಡ ದಾರಿಗಳಲ್ಲಿ ಮುಖ್ಯವಾದದ್ದು, ಮೊದಲು ಸಿಕ್ಕ ಸಣ್ಣ ಸಂಸ್ಥೆಯಿಂದ ಇನ್ನೂ ಚೆನ್ನಾದದ್ದಕ್ಕೆ ಹಾರಿದ್ದು.

ಹಾರುವುದು. ನಾನು ಮಾಡದೆ ಬಿಟ್ಟದ್ದು ಅದನ್ನೇ. ಕುರ್ಚಿ ಉಳಿಯಿತಲ್ಲ, ಅದೇ ಪುಣ್ಯ ಎಂದು ಕೂತುಬಿಟ್ಟೆ. ನಿನ್ನ ಆ ಒಂದು ಸಾಲು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣ ಇದೇ ಇರಬೇಕು. ಸಾಕು, ಆ ಪುರಾಣ ಬೇಡ.

ಕೊನೆಗೆ ಬಂದವಳಾದರೂ ಕಳಿಸಲು ಯೋಚಿಸುವಂತೆ ಮಾಡುವುದು ಏನು ಅಂದರೆ, ಲೆಕ್ಕಪತ್ರದಲ್ಲಿ ನಗದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕಂಡುಹಿಡಿಯುವ ಕಣ್ಣು. ಹಿಂಜರಿತದಲ್ಲಿ ಅದಕ್ಕೆ ಬೆಲೆ ಹೆಚ್ಚು. ಒಂದು ಉದಾಹರಣೆ ಕೊಡುತ್ತೇನೆ, ಪೆನ್ಸಿಲ್ ಹಿಡಿದು ಕೂರು. ಒಂದು ಕಂಪನಿಯ ವರ್ಷದ ಮಾರಾಟ 100, ಲಾಭ 10. ಉದ್ರಿ ಬಾಕಿ ಕಳೆದ ವರ್ಷ 20 ಇದ್ದದ್ದು ಈಗ 38. ದಾಸ್ತಾನು 15 ಇದ್ದದ್ದು 25. ಲಾಭದ 10ರಲ್ಲಿ ಉದ್ರಿಗೆ ಹೋದ 18, ದಾಸ್ತಾನಿಗೆ ಹೋದ 10 ಕಳೆ. ಸವಕಳಿ, ಕೊಡಬೇಕಾದ ಬಾಕಿ ಸದ್ಯಕ್ಕೆ ಬಿಡು. ಕೈಗೆ ಬಂದದ್ದು ಮೈನಸ್ 18! ಲಾಭ ತೋರಿಸುತ್ತಿರುವ ಕಂಪನಿ ಸಂಬಳಕ್ಕೆ ಸಾಲ ಮಾಡುತ್ತಿದೆ. ಮಾರಾಟ ಅಷ್ಟೇ ಇದ್ದರೆ, ಉದ್ರಿ ವಸೂಲಿಗೆ ಮೊದಲು 73 ದಿನ ಹಿಡಿಯುತ್ತಿತ್ತು, ಈಗ 139. ಗ್ರಾಹಕರು ತಡ ಮಾಡುತ್ತಿದ್ದಾರಾ, ಅಥವಾ ವರ್ಷದ ಕೊನೆ ವಾರದಲ್ಲಿ ಮಾಲು ತಳ್ಳಿ ಮಾರಾಟ ಎಂದು ಬರೆದಿದ್ದಾರಾ? ಉದ್ರಿಯನ್ನು 30, 60, 90, 180 ದಿನ ಎಂದು ವಿಂಗಡಿಸಿದ ಪಟ್ಟಿ ಕೇಳಿದರೆ ಗೊತ್ತಾಗುತ್ತದೆ. ಆ ಪಟ್ಟಿ ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಇನ್ನೊಂದು: ಮಾರಾಟ 100ರಲ್ಲಿ ಮಾಲಿನ ಜತೆ ಏರಿಳಿಯುವ ಖರ್ಚು 60, ಏನೇ ಆದರೂ ಆಗುವ ಖರ್ಚು 30, ಉಳಿಕೆ 10, ಬಡ್ಡಿ 5. ಮಾರಾಟ 10% ಇಳಿಯಲಿ. 90ರಲ್ಲಿ 54 ಮತ್ತು 30 ಕಳೆದರೆ 6. ಬಡ್ಡಿಗೆ ಎರಡು ಪಟ್ಟು ಇದ್ದ ರಕ್ಷೆ 1.2ಕ್ಕೆ ಬಂತು. ಹತ್ತು ಕಂಪನಿಗಳ ಹಳೆಯ ವಾರ್ಷಿಕ ವರದಿ ತೆಗೆದು ಇದನ್ನೇ ಹತ್ತು ಸಲ ಮಾಡು. ಹೂಡಿಕೆ ವಿಶ್ಲೇಷಣೆಯ ಪರೀಕ್ಷೆ ಸಿಎಫ್‌ಎ ಬರಿ ಎಂದು ಎಲ್ಲರೂ ಹೇಳುತ್ತಾರೆ. ಮೂರು ಹಂತ, ಹಂತಕ್ಕೆ ಸುಮಾರು 300 ಗಂಟೆ ಓದು. ರಿಸ್ಕ್ ಕಡೆಗಾದರೆ ಎಫ್‌ಆರ್‌ಎಂ ಎಂಬ ಪರೀಕ್ಷೆ, ಎರಡು ಭಾಗ. ಬರಿ, ಬೇಡ ಅನ್ನುವುದಿಲ್ಲ. ಆದರೆ ಹಿಂಜರಿತದಲ್ಲಿ ಎಲ್ಲರೂ ಅದನ್ನೇ ಬರೆಯುತ್ತಿರುತ್ತಾರೆ.

ಬಾಂಡ್ ಲೆಕ್ಕವೂ ಬರಲಿ. ಬಡ್ಡಿದರ ಒಂದು ಶೇಕಡಾ ಪಾಯಿಂಟ್ ಏರಿದರೆ ಬಾಂಡಿನ ಬೆಲೆ ಅಂದಾಜು ಶೇಕಡಾ ಎಷ್ಟು ಇಳಿಯುತ್ತದೆ ಎನ್ನುವುದೇ ಡ್ಯುರೇಷನ್. ಅದು 8 ಇರುವ ಬಾಂಡ್, ಬಡ್ಡಿದರ 2 ಶೇಕಡಾ ಪಾಯಿಂಟ್ ಏರಿದರೆ ಬೆಲೆ ಅಂದಾಜು 16% ಇಳಿಯುತ್ತದೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್ 10ರಂದು ಮುಚ್ಚಿದ್ದರ ಬೇರು ಇಷ್ಟು ಸರಳ ಗುಣಾಕಾರದಲ್ಲಿತ್ತು: ಎಂದು ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿ ತೆಗೆದುಕೊಂಡು ದೀರ್ಘಾವಧಿ ಬಾಂಡ್ ಕೊಂಡಿದ್ದರು. ಹಿಂದಿನ ಒಂದೇ ದಿನ ಠೇವಣಿದಾರರು ತೆಗೆಯಹೊರಟದ್ದು 42 ಶತಕೋಟಿ ಡಾಲರ್. ಅದಕ್ಕೂ ಮೊದಲು, 2022ರಲ್ಲಿ ದರ ಏರುತ್ತಿದ್ದ ತಿಂಗಳುಗಳಲ್ಲೇ, ಅಲ್ಲಿ ರಿಸ್ಕ್ ಮುಖ್ಯಸ್ಥರ ಕುರ್ಚಿ ಬಹುಕಾಲ ಖಾಲಿಯಿತ್ತು. ಖಾಲಿ ಕುರ್ಚಿ ಉಳಿತಾಯ ಅಂತ ಯಾರಿಗಾದರೂ ಅನಿಸಿತ್ತೋ ಏನೋ.

ಮತ್ತೆ ಅಲ್ಲಿಗೇ ಬಂದೆ ನೋಡು. ಕೊನೆಗೆ ಬಂದವಳನ್ನೇ ಕಳಿಸುತ್ತಾರಾ ಎಂದು ಸಂದರ್ಶನದಲ್ಲಿ ಕೇಳಲಾಗುವುದಿಲ್ಲ, ಆದರೆ ಸುತ್ತುಬಳಸಿ ಕೇಳಬಹುದು. ಈ ಜಾಗ ಹೊಸದಾ, ಯಾರೋ ಬಿಟ್ಟದ್ದಾ? ಎರಡು ವರ್ಷದಲ್ಲಿ ಎಷ್ಟು ಮಂದಿ ಬಿಟ್ಟರು, ಎಷ್ಟು ಜಾಗ ತುಂಬಿದರು? ಹೊಸ ವ್ಯವಹಾರ ಒಂದು ವರ್ಷ ಬರದಿದ್ದರೆ ಈ ತಂಡ ಏನು ಮಾಡುತ್ತದೆ? ಮೂರನೆಯದಕ್ಕೆ ತಡವರಿಸಿದರೆ ನನಗಂತೂ ಅನುಮಾನ ಬರುತ್ತದೆ.

ಆಫರ್ ಪತ್ರದಲ್ಲಿ ಸೇರುವ ದಿನಾಂಕವನ್ನು ಅವರು ಮುಂದೂಡಬಹುದಾ, ಮುಂದೂಡಿದರೆ ಏನಾದರೂ ಕೊಡುತ್ತಾರಾ ನೋಡು. ಕೆಟ್ಟ ವರ್ಷಗಳಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲೇ, ಸೇರಿದ ಮೇಲಲ್ಲ, ಸೇರುವ ಮೊದಲು. ಬೋನಸ್ ಸೇರಿಸಿ ಹೇಳಿದ ಸಂಬಳವನ್ನು ನಂಬಬೇಡ, ಖಾತ್ರಿ ಭಾಗದಲ್ಲೇ ತಿಂಗಳು ಸಾಗಬೇಕು. ಪರೀಕ್ಷೆಯ ಶುಲ್ಕ ಅವರು ಕಟ್ಟಿದರೆ, ಬಿಟ್ಟುಹೋದಾಗ ವಾಪಸ್ ಕೇಳುವ ಷರತ್ತು ಇರಬಹುದು. ಅವರೇ ತೆಗೆದರೆ ಅದು ಅನ್ವಯವಾಗದು ಎಂದು ಬರಹದಲ್ಲಿ ಕೇಳು. ಇಷ್ಟೆಲ್ಲ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಿನಗನಿಸಬಹುದು. ಲೆಕ್ಕದ ಕೆಲಸಕ್ಕೆ ಬಂದವಳು ಲೆಕ್ಕ ಕೇಳಿದಳು ಅಂದುಕೊಳ್ಳುತ್ತಾರೆ.

ಉಳಿತಾಯ: ಆರು ತಿಂಗಳ ಖರ್ಚು ತೆಗೆದಿಡು ಎನ್ನುವುದು ಎಲ್ಲರಿಗೂ ಹೇಳುವ ಮಾತು. ಈ ಕ್ಷೇತ್ರದಲ್ಲಿ ಕೆಲಸವೂ ಪೇಟೆಯೂ ಒಟ್ಟಿಗೇ ಬೀಳುವುದರಿಂದ ಒಂಬತ್ತು ಅನ್ನುತ್ತೇನೆ, ಅದೂ ಷೇರಿನಲ್ಲಲ್ಲ, ಬ್ಯಾಂಕ್ ಖಾತೆಯಲ್ಲಿ. ಸೇರಿದ ಸಂಸ್ಥೆಯ ಷೇರಿನಲ್ಲಂತೂ ಬೇಡ. ಲೀಮನ್‌ನ ಷೇರುಗಳಲ್ಲಿ ಸುಮಾರು 30% ಅದರ ನೌಕರರ ಕೈಯಲ್ಲೇ ಇತ್ತು.

ಒಂದು ವೇಳೆ ಕಳಿಸಿಯೇಬಿಟ್ಟರು ಅನ್ನು. ಸೇವಾ ಪತ್ರದಲ್ಲಿ ವಿಭಾಗ ಮುಚ್ಚಿದ್ದರಿಂದ ಅಥವಾ ಹುದ್ದೆ ಕಡಿತದಿಂದ ಎಂಬ ಕಾರಣ ಬರೆಸಿಕೊಂಡು ಬಾ. ಮುಂದಿನ ಸಂದರ್ಶನದಲ್ಲಿ ಎರಡೇ ವಾಕ್ಯ: ಎಷ್ಟು ಮಂದಿಯ ತಂಡ ಹೋಯಿತು, ನಿನ್ನ ಕೈಯಲ್ಲಿ ಯಾವ ಕೆಲಸವಿತ್ತು. ಮೂರನೆಯ ವಾಕ್ಯಕ್ಕೆ ಹೋದರೆ ಸಮಜಾಯಿಷಿಯಂತೆ ಕೇಳುತ್ತದೆ.

ಆಫರ್ ಬಂದರೆ ಸಹಿ ಹಾಕುವ ಮೊದಲು ಎಲ್ಲ ಪುಟಗಳನ್ನೂ ಕಳಿಸು, ಸಣ್ಣ ಅಕ್ಷರದ ಕೊನೆಯ ಪುಟ ಬಿಡಬೇಡ. ಮೇಲಿನ ಲೆಕ್ಕದಲ್ಲಿ ಮಾರಾಟ 20% ಇಳಿದರೆ ಬಡ್ಡಿ ಕಟ್ಟಲು ಎಷ್ಟು ಉಳಿಯುತ್ತದೆ ಎಂದೂ ಅದರ ಜತೆ ಬರೆದು ಕಳಿಸು.

ಇಂತಿ,
ದೊಡ್ಡಮ್ಮ