ಐದು ಅಡಿ ಕೆಳಗಿನ ಗುಟ್ಕಾ ಪಾಕೀಟು

ಕೋಥ್ರೂಡ್, ಪುಣೆ
ಭಾನುವಾರ ರಾತ್ರಿ

ಚಿ. ಸೌ. ವೀಣಾಳಿಗೆ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ತಲುಪಿತು. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳುವುದಿಲ್ಲವೆಂದು ನೆನಪಿಟ್ಟು ಬರೆದಿದ್ದೀ, ಸಂತೋಷ. ಸಾಲದ ವಿಷಯ, ಅಳಿಯಂದಿರ ರಜೆಯ ವಿಷಯ ನಿನ್ನ ಕಾಕುವಿಗೆ ಆಗಲೇ ಗೊತ್ತು, ಅದನ್ನು ಬಿಡುತ್ತೇನೆ. ಮೂರನೆಯ ಹಾಳೆಯ ಕೊನೆಗೆ ಬರೆದ ಒಂದು ಮಾತು ಮಾತ್ರ ಮೂರು ರಾತ್ರಿಯಿಂದ ನನ್ನನ್ನು ಮಲಗಗೊಟ್ಟಿಲ್ಲ. ಬೆಟ್ಟದ ಇಳಿಜಾರಿನಲ್ಲಿ ನೀವು ಕಟ್ಟಿಸುತ್ತಿರುವ ಆರು ಕ್ಯಾಬಿನ್ನುಗಳಲ್ಲಿ ನಾಲ್ಕನೆಯದರ ತಗ್ಗಿನ ಕಡೆಯ ಕಂಬಕ್ಕೆ ಗುಂಡಿ ತೋಡುವಾಗ ಐದು ಅಡಿ ಆಳದಲ್ಲಿ ಗುಟ್ಕಾ ಪಾಕೀಟು ಸಿಕ್ಕಿತು, ‘ಇದು ಅಷ್ಟು ಕೆಳಗೆ ಹೇಗೆ ಹೋಯಿತು ಕಾಕಾ, ಅಂದಿನಿಂದ ಮಳೆಯ ಸದ್ದು ಕೇಳಿದರೆ ಎದೆ ಹಾರುತ್ತದೆ’ ಎಂದು ಬರೆದಿದ್ದೀ.

ನೀನು ಹೆದರಿದ್ದು ಸರಿಯಾಗಿಯೇ ಇದೆ. ಬೆಟ್ಟ ಗುಟ್ಕಾ ತಿನ್ನುವುದಿಲ್ಲ. ಆ ಪಾಕೀಟಿನ ಮೇಲಿದ್ದ ಐದು ಅಡಿ ಮಣ್ಣು ಬೆಟ್ಟದ್ದಲ್ಲ. ಯಾರೋ ಜೆಸಿಬಿ ತಂದು ಮೇಲಿನ ಮಗ್ಗುಲನ್ನು ಕಡಿದು, ಕಡಿದದ್ದನ್ನು ಕೆಳಕ್ಕೆ ದೂಡಿ ಸಪಾಟು ಮಾಡಿದ್ದಾರೆ. ಜಾಗ ಮಾರಿದವರು ‘ನಮ್ಮ ಅಜ್ಜನ ಕಾಲದಿಂದಲೂ ಇಲ್ಲಿ ಹೀಗೆಯೇ ಸಪಾಟಿದೆ’ ಎಂದಿದ್ದರಲ್ಲವೇ? ಅಜ್ಜನ ಕಾಲದಲ್ಲಿ ಎಲೆ ಅಡಿಕೆ ಇತ್ತು, ಪ್ಲಾಸ್ಟಿಕ್ ಪಾಕೀಟು ಇರಲಿಲ್ಲ.

ಮೇಲಿನ ಎರಡು ಕಂಬಗಳಿಗೆ ಮೂರು ಅಡಿಗೇ ಕರಿಕಲ್ಲು ಸಿಕ್ಕಿತೆಂದು ಖುಷಿಯಿಂದ ಬರೆದಿದ್ದೀ. ನನಗೆ ಅದೇ ಇನ್ನೂ ಕಳವಳ. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ಕಾಲು ಬಣವೆಯ ಮೇಲೆ ಇಟ್ಟು ಎಷ್ಟು ಹೊತ್ತು ನಿಲ್ಲಬಹುದು? ಕಲ್ಲು ಭಾರಕ್ಕೆ ಕೆಳಗೆ ಕೂರುವುದಿಲ್ಲ, ತುಂಬಿದ ಮಣ್ಣು ಕೂರುತ್ತದೆ, ನೀರು ಕುಡಿದರೆ ಜಾರುತ್ತದೆ. ಅದೂ ಎಂಥ ನೀರು! ನಿಮ್ಮ ಜಾಗದಿಂದ ತಾಮ್ಹಿಣಿ ಘಾಟು ದೂರವಿಲ್ಲ. 2024ರ ಜುಲೈ ಕೊನೆಯ ವಾರ ಅಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು.

ಮಾಳೀಣದ ಹೆಸರು ತೆಗೆಯಬಾರದೆಂದು ನಿನ್ನ ಕಾಕು ಹೇಳಿದ್ದಾಳೆ, ಹೆದರಿಸಬೇಡಿ ಎಂದು. ಆದರೂ ಪೆನ್ನು ಅಲ್ಲಿಗೇ ಹೋಗುತ್ತದೆ. 2014ರ ಜುಲೈ 30ರ ಬೆಳಗ್ಗೆ, ಇದೇ ಪುಣೆ ಜಿಲ್ಲೆಯಲ್ಲಿ, ದಿನವೂ ಹೋಗುವ ಎಸ್‌ಟಿ ಬಸ್ಸಿನ ಚಾಲಕ ನೋಡಿದರೆ ಗುಡ್ಡ ಕುಸಿದು ಊರೇ ಇರಲಿಲ್ಲ. ಸುಮಾರು ನೂರೈವತ್ತು ಜನ ಮಣ್ಣಿನಡಿ ಹೋದರು. ಅದು ದೊಡ್ಡ ಗುಡ್ಡ, ನಿನ್ನದು ಆರು ಕ್ಯಾಬಿನ್ನಿನ ಜಾಗ, ಹೋಲಿಸುವುದು ತಪ್ಪು, ಗೊತ್ತು.

ನಿನಗೆ ಇದುವರೆಗೆ ಹೇಳದ ಒಂದು ವಿಷಯವಿದೆ. 1988ರಲ್ಲಿ ಖಂಡಾಳಾದ ಒಂದು ಬಂಗಲೆಯ ಕೆಲಸಕ್ಕೆ ನಾನು ಸೂಪರ್‌ವೈಸರ್ ಆಗಿದ್ದೆ. ಕಣಿವೆಯ ಕಡೆ ಹನ್ನೆರಡು ಅಡಿಯ ತಡೆಗೋಡೆ. ಹಿಂದಿನ ನೀರು ಹೊರಬರಲೆಂದು ಅದರಲ್ಲಿ ತೂತು ಬಿಟ್ಟಿದ್ದೆವು. ಮೊದಲ ಮಳೆಗೇ ಅವುಗಳಿಂದ ಕೆಂಪು ನೀರು ಇಳಿದು, ಸುಣ್ಣ ಬಳಿದ ಗೋಡೆಯ ಮೇಲೆಲ್ಲ ಪಾನ್ ಉಗುಳಿದ ಹಾಗೆ ಕಲೆಯಾಯಿತು. ಆಷಾಢ ಹಿಡಿಯುವ ಮೊದಲು ಗೃಹಪ್ರವೇಶ ಆಗಬೇಕಿತ್ತು. ‘ಅಸಹ್ಯ ಕಾಣುತ್ತದೆ, ಮುಚ್ಚಿಸಿ’ ಎಂದರು ಮಾಲೀಕರು. ಮುಚ್ಚಬಾರದೆಂದು ನನಗೆ ಗೊತ್ತಿತ್ತು. ಗೌಂಡಿ ಒಮ್ಮೆ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಸಿಮೆಂಟಿನ ಉಂಡೆ ಕಟ್ಟಿ ಒಂದೊಂದೇ ತೂತಿಗೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದ. ಹನ್ನೊಂದು ತೂತು.

ಆಗಸ್ಟ್‌ನ ಒಂದು ರಾತ್ರಿ ಗೋಡೆ ಹೊಟ್ಟೆ ಉಬ್ಬಿ ಮಲಗಿತು. ಕೆಳಗೆ ಕಾವಲುಗಾರನ ಶೆಡ್ಡು. ಅವನ ಮನೆಯವರೆಲ್ಲ ಅಂದು ಊರಿಗೆ ಹೋಗಿದ್ದರು, ಗೂಟಕ್ಕೆ ಕಟ್ಟಿದ್ದ ಎಮ್ಮೆ ಉಳಿಯಲಿಲ್ಲ. ‘ಮಳೆ ಅತಿಯಾದದ್ದರಿಂದ’ ಎಂದು ಬರೆದು ಸಹಿ ಹಾಕಿದೆ. ಎಮ್ಮೆಯ ದುಡ್ಡನ್ನಾದರೂ ಕೊಡಬಹುದಿತ್ತು, ಕೊಡಲಿಲ್ಲ. ಸುಧೀರನ ಶಾಲೆಯ ಫೀ ಎಂದು ನೆಪ ಹೇಳಿಕೊಂಡೆ. ಇದು ನಿನ್ನ ಕಾಕುವಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಗುಂಡಿಯ ವಿಷಯಕ್ಕೆ ಬರುತ್ತೇನೆ. ನಾನು ಇಂಜಿನಿಯರನಲ್ಲ, ನಿಮ್ಮ ಇಂಜಿನಿಯರ್ ಹುಡುಗ ನನಗಿಂತ ಹೆಚ್ಚು ಓದಿದವನು, ಅವನಿಗೆ ನೋವಾಗದ ಹಾಗೆ ಕೇಳು. ಪಾಕೀಟು, ಚಿಂದಿ, ಕಪ್ಪು ಸಡಿಲ ಮಣ್ಣು ಮುಗಿದು, ನಮ್ಮ ಕಡೆ ಗರಸು, ಇಲ್ಲಿಯವರು ಮುರೂಮ್ ಎನ್ನುತ್ತಾರಲ್ಲ, ಆ ಗಟ್ಟಿ ಹರಳು ಮಣ್ಣು, ಅದೂ ದಾಟಿ ಕಲ್ಲು ಸಿಗುವವರೆಗೆ ತೋಡಿಸು. ಎಂಟಾಗಲಿ, ಹತ್ತಾಗಲಿ. ಆಳದ ಗುಂಡಿಯ ಮಗ್ಗುಲಿಗೆ ಹಲಗೆಯ ಆಸರೆ ಕೊಡದೆ ಯಾರನ್ನೂ ಒಳಗೆ ಇಳಿಸಬೇಡ. ಕಲ್ಲು ಸಿಕ್ಕಿತೆಂದು ಕೂಡಲೇ ನಂಬಲೂಬೇಡ, ಉರುಳಿ ಬಂದ ಗುಂಡುಕಲ್ಲು ಕೂಡ ಬಂಡೆಯಂತೆಯೇ ಕಾಣುತ್ತದೆ. ಹಾರೆಯಿಂದ ಬಡಿದು ನೋಡಿ, ಸುತ್ತ ಬಿಡಿಸಿ ನೋಡಿ. ಎರಡು ಕರಿಕಲ್ಲಿನ ಪದರಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿ ಕಂಡರೆ ಕೆಲಸ ನಿಲ್ಲಿಸಿ ಇಂಜಿನಿಯರ್ ಹುಡುಗನನ್ನು ಕರೆಸು, ಒದ್ದೆಯಾದರೆ ಅದು ಸಾಬೂನು. ಬುನಾದಿಯ ತಳ ಇಳಿಜಾರಿನ ಹಾಗೆ ಓರೆಯಾಗಿರಬಾರದು, ಮೆಟ್ಟಿಲಿನ ಹಾಗೆ ಕಡಿದು ಒಂದೊಂದು ಮೆಟ್ಟಿಲನ್ನೂ ಮಟ್ಟಸ ಮಾಡಬೇಕು. ಕಂಬಗಳನ್ನು ಕೆಳಗೆ ತೊಲೆಯಿಂದ ಒಂದಕ್ಕೊಂದು ಕಟ್ಟಿಸುತ್ತಾರೆ ತಾನೇ?

ಮೇಲಿನಿಂದ ಬರುವ ನೀರಿಗೆ ಕ್ಯಾಬಿನ್ನುಗಳ ನೆತ್ತಿಯ ಮೇಲೆ ಅಡ್ಡ ಕಾಲುವೆ ತೆಗೆಸಿ ಹಳ್ಳಕ್ಕೆ ತಿರುಗಿಸು. ಶೌಚದ ಇಂಗುಗುಂಡಿಯನ್ನು ಆ ತುಂಬಿದ ಮಣ್ಣಿನಲ್ಲಿ ಮಾಡುವುದೆಂದು ನಕ್ಷೆಯಲ್ಲಿ ಕಂಡ ನೆನಪು. ದಯವಿಟ್ಟು ಬೇಡ. ಗೋಡೆಗೆ ತೂತು... ನಿನಗೆ ಮತ್ತೆ ಹೇಳಬೇಕೇ? ಕಲೆಯಾದರೆ ಆಗಲಿ.

ಇನ್ನೊಂದು ಮಾತು, ಬೈಯಬೇಡ. ಐದು ಅಡಿ ಅಡ್ಡ ಓಟಕ್ಕೆ ಒಂದು ಅಡಿ ಏರಿಗಿಂತ ಕಡಿದಾದ ಬೆಟ್ಟದ ಇಳಿಜಾರಿನಲ್ಲಿ ಕಟ್ಟಲು ಇಲ್ಲಿಯ ನಿಯಮ ಬಿಡುವುದಿಲ್ಲ. ನಿಮ್ಮ ಪರವಾನಗಿಯ ಕಾಗದದಲ್ಲಿ ನಾಲ್ಕನೆಯದರ ಇಳಿಜಾರು ಎಷ್ಟೆಂದು ಬರೆದಿದ್ದಾರೆ, ನೋಡಿದ್ದೀಯಾ? ಆರರ ಬದಲು ಐದೇ ಕಟ್ಟಿದರೆ ಸಾಲದ ಕಂತು ಏನಾಗುತ್ತದೆಂದು ನೀನು ಕೇಳುತ್ತೀ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕಾಕುವಿನ ಹೆಸರಿನ ಠೇವಣಿ ಒಂದಿದೆ, ಅವಳೇ ನಿನ್ನ ಹತ್ತಿರ ಮಾತಾಡುತ್ತಾಳೆ.

ಬರುವ ಶನಿವಾರ ಪೌಡಿನವರೆಗೆ ಬಸ್ಸಿನಲ್ಲಿ ಬರುತ್ತೇನೆ, ಅಳಿಯಂದಿರಿಗೆ ಅಲ್ಲಿಂದ ಕರೆದೊಯ್ಯಲು ಹೇಳು. ಇಳಿಜಾರಿಗೆ ಮೊಣಕಾಲು ಒಪ್ಪದಿದ್ದರೆ ಮೇಲೆಯೇ ಕುಳಿತು ನೋಡುತ್ತೇನೆ. ಅಲ್ಲಿಯವರೆಗೆ ಆ ಗುಂಡಿಗೆ ಕಾಂಕ್ರೀಟು ಸುರಿಯಬೇಡಿ, ಮೇಲೆ ತಾಡಪತ್ರಿ ಹೊದೆಸಿ.

ಪಾಕೀಟನ್ನು ಎಸೆದಿಲ್ಲ ತಾನೇ? ತೊಳೆದು ನೋಡು, ತಯಾರಾದ ತಿಂಗಳು, ವರ್ಷ ಓದಲು ಬಂದರೆ ಕಾಕುವಿಗೆ ಫೋನಿನಲ್ಲಿ ತಿಳಿಸು.

ಇಂತಿ,
ನಿನ್ನ ಕಾಕಾ