ಸ್ವಿವೆಲ್ ಪ್ಯಾಕೆಟ್ ಮೇಲೆ ಎಷ್ಟು ಕಿಲೋ ಅಂತ ಬರೆದಿರಲಿ

ಮಾನ್ಯ ಸಂಪಾದಕರೇ,

ಕುಂದಾಪುರ ಕೋಡಿಯ ಸೀವಾಕ್‌ನಲ್ಲಿ ಸಂಜೆ ಹೊತ್ತು ಗಾಳ ಹಾಕುವ ಹುಡುಗರ ಬಗ್ಗೆ ಕಳೆದ ವಾರ ಬರೆದಿದ್ದಿರಿ. ಚೆನ್ನಾಗಿತ್ತು. ಗಾಳದ ರಾಡ್‌ಗೆ ಎಷ್ಟು, ದಾರ ಸುತ್ತುವ ರೀಲ್‌ಗೆ ಎಷ್ಟು ಅಂತೆಲ್ಲ ಇತ್ತು. ಆದರೆ ಇವೆರಡಕ್ಕಿಂತ ಮೊದಲು ಕೈಕೊಡುವ ಒಂದು ಸಣ್ಣ ಸಾಮಾನಿನ ಹೆಸರೇ ಇರಲಿಲ್ಲ. ಅದೇ ಸ್ವಿವೆಲ್.

ಗೊತ್ತಿಲ್ಲದವರಿಗೆ ಒಂದು ಮಾತು. ದನ ಕಟ್ಟುವ ಸರಪಳಿಯ ನಡುವೆ ತಿರುಗುವ ಕೊಂಡಿ ಇರುತ್ತಲ್ಲ, ದನ ಎಷ್ಟು ಸುತ್ತು ಹಾಕಿದರೂ ಸರಪಳಿ ಹುರಿ ಬೀಳದ ಹಾಗೆ? ಗಾಳದ ದಾರದಲ್ಲಿ ಅದೇ ಕೆಲಸ ಮಾಡುವುದು ಸ್ವಿವೆಲ್. ಅಕ್ಕಿಕಾಳಿನಷ್ಟು ಚಿಕ್ಕದರಿಂದ ಹೆಬ್ಬೆರಳಿನಷ್ಟು ದೊಡ್ಡದರವರೆಗೆ ಸಿಗುತ್ತದೆ.

ನಾನು 34 ವರ್ಷ ಲೇತ್ ಕೆಲಸ ಮಾಡಿದವನು. ಈಗ ಸುಮ್ನೆ ಮನೆಯಲ್ಲಿ ಕೂರಲಾಗದೆ ವಾರಕ್ಕೆ ಮೂರು ದಿನ ಗಂಗೊಳ್ಳಿ ಅಳಿವೆ ಕಡೆ ಹೋಗುತ್ತೇನೆ. ಹೋದ ಅಕ್ಟೋಬರ್‌ನಲ್ಲಿ ಇಳಿತ ಶುರುವಾಗುವ ಹೊತ್ತಿಗೆ ಜೀವಂತ ಸಿಗಡಿಗೆ ಒಂದು ಕೆಂಬೇರಿ ಮೀನು ಹಿಡಿಯಿತು. ಮೂರು ನಾಲ್ಕು ಕಿಲೋ ಇದ್ದಿರಬೇಕು. ಕಲ್ಲಿನ ಸಂದಿಗೆ ನುಗ್ಗದಂತೆ ತಡೆದು, ಅರ್ಧ ದೂರ ಎಳೆದು ತಂದೆ. ಕೆಂಪು ಬೆನ್ನೂ ಕಂಡಿತು. ಆಮೇಲೆ ದಾರ ಹಗುರ. ಗಂಟು ಬಿಚ್ಚಿತು ಅಂದುಕೊಂಡೆ. ನೋಡಿದರೆ ಗಂಟು ಗಟ್ಟಿಯಾಗಿ ಹಾಗೇ ಇದೆ, ಸ್ವಿವೆಲ್ ಮಾತ್ರ ಅರ್ಧ ಇದೆ!

ಮನೆಗೆ ಬಂದು ಲೆನ್ಸ್ ಹಿಡಿದು ನೋಡಿದೆ. ಸ್ವಿವೆಲ್ ಒಳಗೆ ಇರುವುದು ಇಷ್ಟೇ: ಎರಡು ತಂತಿಯ ಕಣ್ಣು, ನಡುವೆ ಒಂದು ಸಣ್ಣ ಡಬ್ಬಿ. ಕಣ್ಣಿನ ಬಾಲದ ತುದಿಯಲ್ಲಿ ಮೊಳೆಯ ತಲೆಯ ಹಾಗೆ ಒಂದು ಗುಂಡು. ಆ ಗುಂಡನ್ನು ಡಬ್ಬಿಯೊಳಗೆ ಇಟ್ಟು ಬಾಯಿಯನ್ನು ಒತ್ತಿ ಮುಚ್ಚಿರುತ್ತಾರೆ. ಎಷ್ಟು ದೊಡ್ಡ ಮೀನಿದ್ದರೂ ಭಾರವೆಲ್ಲ ನಿಲ್ಲುವುದು ಆ ಗುಂಡಿನ ಅಂಚಿನ ಮೇಲೆ. ನನ್ನದರಲ್ಲಿ ಗುಂಡು ಬಾಲಕ್ಕಿಂತ ಕೂದಲೆಳೆಯಷ್ಟೇ ದಪ್ಪ. ಡಬ್ಬಿಯ ತಗಡೋ, ಉಗುರಲ್ಲಿ ಒತ್ತಿದರೂ ಬಗ್ಗುವಷ್ಟು ತೆಳು. ಬಾಯಿ ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಬಿಚ್ಚಿಕೊಂಡಿತ್ತು. ಲೇತ್‌ನಲ್ಲಿ ನನ್ನ ಕೈಕೆಳಗಿನ ಹುಡುಗ ಇಂಥದ್ದು ಮಾಡಿ ಕೊಟ್ಟಿದ್ದರೆ ಅವತ್ತೇ ಗುಜರಿಗೆ ಹಾಕುತ್ತಿದ್ದೆ.

ತಪ್ಪು ನನ್ನದೂ ಇದೆ. ಅಂಗಡಿಯಲ್ಲಿ ಡಬ್ಬದಿಂದ ಬೊಗಸೆಯಲ್ಲಿ ಎತ್ತಿ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ನಂಬರ್ ಎಷ್ಟು ಅಂದೆ. "ಮೀಡಿಯಂ" ಅಂದರು. ತಗೊಂಡು ಬಂದೆ. ಸ್ವಿವೆಲ್‌ನಲ್ಲಿ ನಂಬರ್ ಜಾಸ್ತಿಯಾದಷ್ಟೂ ಸಾಮಾನು ಚಿಕ್ಕದು. 10 ಅಂದರೆ 4ಕ್ಕಿಂತ ಚಿಕ್ಕದು. 1 ಆದ ಮೇಲೆ 1/0, 2/0 ಅಂತ ಮತ್ತೆ ದೊಡ್ಡದಾಗುತ್ತಾ ಹೋಗುತ್ತದೆ. ಆ ನಂಬರೂ ಅಳತೆಗೆ ಮಾತ್ರ, ಬಲಕ್ಕಲ್ಲ. ಒಂದು ಕಂಪನಿಯ 7ನೇ ನಂಬರ್ ತಡೆಯುವ ಭಾರವನ್ನು ಇನ್ನೊಂದರ 7 ತಡೆಯುತ್ತದೆ ಅಂತೇನಿಲ್ಲ. ಪ್ಯಾಕೆಟ್ ಮೇಲೆ ಪೌಂಡ್‌ನಲ್ಲೋ ಕಿಲೋದಲ್ಲೋ ಬರೆದಿದ್ದರೆ ಮಾತ್ರ ಗೊತ್ತಾಗುವುದು. 20 ಪೌಂಡ್ ಅಂದರೆ ಸುಮಾರು 9 ಕಿಲೋ. ನಿಮ್ಮ ದಾರಕ್ಕಿಂತ ಸ್ವಿವೆಲ್‌ನ ಬಲ ಜಾಸ್ತಿ ಇರಬೇಕು. ಮೀನು ತಪ್ಪುವುದೇ ಆದರೆ ದಾರ ಕಡಿದು ತಪ್ಪಲಿ.

ಆಮೇಲೆ ನಾನೇ ಪರೀಕ್ಷೆ ಶುರು ಮಾಡಿದೆ. ಮನೆಯವಳಿಗೆ ನಗು. ಬಾವಿಕಟ್ಟೆಯ ಅಡ್ಡ ಕಂಬಕ್ಕೆ ದಪ್ಪ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಕಟ್ಟಿ, ಅದಕ್ಕೆ ಸ್ವಿವೆಲ್, ಅದರ ಕೆಳಗೆ ಮತ್ತೆ ದಾರ, ಕೊನೆಯಲ್ಲಿ ಬಕೆಟ್. ಚೊಂಬಿನಲ್ಲಿ ಲೀಟರ್ ಲೀಟರ್ ಅಳೆದು ನೀರು ಹಾಕುವುದು. ಒಂದು ಲೀಟರ್ ಅಂದರೆ ಒಂದು ಕಿಲೋ, ತಕ್ಕಡಿ ಬೇಡ. ಅಂಗಡಿಯ "ಮೀಡಿಯಂ" ಆರನೇ ಚೊಂಬಿಗೆ ಬಾಯಿ ಬಿಟ್ಟಿತು. ಕಾಲ ಮೇಲೆ ಬಕೆಟ್ ಬೀಳದಂತೆ ನೋಡಿಕೊಳ್ಳಿ, ನನಗೆ ಒಂದು ಸಲ ಬಿದ್ದಿದೆ.

ಭಾರ ತಡೆದರೆ ಸಾಲದು, ತಿರುಗಬೇಕು. ಅರ್ಧ ಬಕೆಟ್ ನೀರಿದ್ದಾಗ ಬಕೆಟನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ಬಿಟ್ಟು ಮೇಲಿನ ದಾರ ನೋಡಿ. ಡಬ್ಬಿಯಾಕಾರದ ಸಾದಾ ಸ್ವಿವೆಲ್ ಅಂಗೈಯಲ್ಲಿ ಚೆನ್ನಾಗಿ ತಿರುಗುತ್ತದೆ, ಭಾರ ಬಿದ್ದ ಕೂಡಲೇ ಬಿಗಿಯುತ್ತದೆ. ಹುರಿಯೆಲ್ಲ ಮೇಲಿನ ದಾರಕ್ಕೆ ಹತ್ತುತ್ತದೆ. ಅಂಗಡಿಯಲ್ಲಿ ಬೆರಳಲ್ಲಿ ತಿರುಗಿಸಿ "ನೋಡಿ ಎಷ್ಟು ಸಲೀಸು" ಅಂತ ತೋರಿಸುವುದಕ್ಕೆ ಅರ್ಥವೇ ಇಲ್ಲ. ಒಳಗೆ ಬಾಲ್ ಬೇರಿಂಗ್ ಇರುವ ಸ್ವಿವೆಲ್ ಆದರೆ ಭಾರದಲ್ಲೂ ತಿರುಗುತ್ತದೆ. ರೇಟು ಜಾಸ್ತಿ, ನಿಜ. ಮೀನಿಗೆ ಆಮಿಷವಾಗಿ ತಗಡಿನ ಸ್ಪೂನ್ ಕಟ್ಟಿ ಎಳೆಯುವವರು, ಅಂಜಲ್ ಮೀನಿನ ಹಿಂದೆ ದೋಣಿಯಲ್ಲಿ ಹೋಗುವವರು ಅದನ್ನೇ ತಗೊಳ್ಳಬೇಕು. ಕಾಣೆ ಮೀನಿಗೆ ಸಿಗಡಿ ಕಟ್ಟಿ ಕೂರುವವರಿಗೆ ಸಾದಾ ಸ್ವಿವೆಲ್ ಧಾರಾಳ ಸಾಕು. ಬೇರಿಂಗ್‌ನದು ತಗೊಳ್ಳುವಾಗ ಎರಡೂ ತುದಿಯ ಬಳೆಗಳನ್ನು ನೋಡಿ. ಬೆಸುಗೆ ಹಾಕಿದ ಬಳೆ ಒಳ್ಳೆಯದು. ಸಂದಿ ಇದ್ದರೆ ಭಾರಕ್ಕೆ ತೆರೆದುಕೊಳ್ಳುತ್ತದೆ, ಇಲ್ಲವೇ ದಾರವನ್ನೇ ಕುಯ್ಯುತ್ತದೆ.

ಇನ್ನು ಉಪ್ಪುನೀರು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಒಂದು ಜೇಬಲ್ಲಿಟ್ಟುಕೊಂಡು ಹೋಗುತ್ತೇನೆ. ಹಿತ್ತಾಳೆಯದು ಅಂತ ಹೇಳಿ ಕೊಟ್ಟ ಸ್ವಿವೆಲ್ ಅದಕ್ಕೆ ಟಪ್ ಅಂತ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ತಂತಿಯಾಗಿ ಎಳೆದಾಗ ಸ್ವಲ್ಪ ಅಂಟುವುದುಂಟು, ಅದಕ್ಕೆ ಹೆದರಬೇಡಿ. ಅನುಮಾನ ಇದ್ದರೆ ಒಂದನ್ನು ಉಪ್ಪುನೀರಿನ ಲೋಟದಲ್ಲಿ ಎರಡು ರಾತ್ರಿ ಬಿಡಿ. ನನ್ನ ಲೋಟದ ತಳದಲ್ಲಿ ಬೆಳಿಗ್ಗೆ ಚಹಾ ಬಣ್ಣ ಬಂದಿತ್ತು. ಆ ಲೋಟಕ್ಕೆ ಮನೆಯಲ್ಲಿ ಏನು ಮಾತು ಕೇಳಿದೆ ಅನ್ನುವುದು ಪತ್ರಿಕೆಗೆ ಬೇಡ.

ಹುಡುಗರಿಗೆ ಇನ್ನೊಂದು ಮಾತು. ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗ ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ತಿರುಗಿಸುತ್ತಲೇ ಇದ್ದರೆ ದಾರ ಹುರಿ ಬೀಳುತ್ತದೆ. ಅದಕ್ಕೆ ಯಾವ ಸ್ವಿವೆಲ್ ಕಟ್ಟಿದರೂ ಪ್ರಯೋಜನ ಇಲ್ಲ. ಆಮೇಲೆ ಸ್ವಿವೆಲ್‌ಗೆ ಬೈದು ಏನು ಮಾಡುವುದು?

ನನ್ನ ಬೇಡಿಕೆ ದೊಡ್ಡದಲ್ಲ. ಪ್ಯಾಕೆಟ್ ಮಾಡಿದ ಸಾಮಾನಿನ ಮೇಲೆ ಎಂಆರ್‌ಪಿ, ಒಳಗೆ ಎಷ್ಟಿದೆ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ ಇರಬೇಕು ಅಂತ 2011ರ ನಿಯಮವೇ ಇದೆ. ನಮ್ಮ ಕರಾವಳಿಯ ಅಂಗಡಿಗಳಲ್ಲಿ ಎಷ್ಟು ಚೀಲದ ಮೇಲೆ ಇದು ಕಾಣುತ್ತದೆ, ಒಮ್ಮೆ ನಿಮ್ಮ ವರದಿಗಾರರೇ ಹೋಗಿ ನೋಡಲಿ. ಅದರ ಜೊತೆಗೆ ನಂಬರ್ ಮತ್ತು ತಡೆಯುವ ಕಿಲೋ, ಈ ಎರಡನ್ನು ಅಂಗಡಿಯವರು ಬರೆದು ಕೊಡಲಿ. ಪೆನ್ನಲ್ಲಿ ಬರೆದರೂ ಸಾಕು. ತಗೊಳ್ಳುವವರೂ ಕೇಳಬೇಕು. ನಾವು ರಾಡ್‌ಗೆ ಎರಡು ಸಾವಿರ ಕೊಡುವಾಗ ಗಂಟೆಗಟ್ಟಲೆ ವಿಚಾರಿಸುತ್ತೇವೆ, ಇದಕ್ಕೆ ಚಿಲ್ಲರೆ ಎಸೆದು ಬರುತ್ತೇವೆ. ಮುರಿದ ಸ್ವಿವೆಲ್‌ನ ಇನ್ನರ್ಧ, ಗಾಳದ ಸಮೇತ ಮೀನಿನ ಬಾಯಲ್ಲಿ ಉಳಿದಿರುತ್ತದೆ. ಆ ಕೆಂಬೇರಿ ಈಗ ಹೇಗಿದೆಯೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಬಾಯಿ ಬಿರಿದ ಆ ಅರ್ಧ ಸ್ವಿವೆಲ್ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೇನೆ. ಮಂಗಳವಾರ, ಶುಕ್ರವಾರ, ಭಾನುವಾರ ಇಳಿತದ ಹೊತ್ತಿಗೆ ಅಳಿವೆ ಹತ್ತಿರ ಬಂದರೆ ತೋರಿಸುತ್ತೇನೆ.

ಇಂತಿ,
ನಿವೃತ್ತ ಟರ್ನರ್, ಗಂಗೊಳ್ಳಿ