ಹಸಿರು ದೀಪ ಹತ್ತಿದರೆ ಲಿಂಕ್ ಸರಿಯಿದೆ ಎಂದಲ್ಲ

ಮಾನ್ಯ ಸಂಪಾದಕರೇ,

ನಾಡಕಚೇರಿಯಲ್ಲಿ ಪಹಣಿಗೆ ಸಾಲು ನಿಂತವರಿಗೂ ಸಹಕಾರಿ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಂತವರಿಗೂ ಸಿಗುವ ಉತ್ತರ ಒಂದೇ: ‘ಸರ್ವರ್ ಡೌನ್’. ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕಚೇರಿಯ ನೆಟ್‌ವರ್ಕ್ ಸ್ವಿಚ್‌ಗೂ (ಕಂಪ್ಯೂಟರ್‌ಗಳನ್ನು ಕೇಬಲ್ಲಿನಿಂದ ಜೋಡಿಸುವ ಪೆಟ್ಟಿಗೆ) ಅದರ ಮುಂದಿನ ಸ್ವಿಚ್‌ಗೂ ನಡುವಿನ ಒಂದು ಈಥರ್ನೆಟ್ ಲಿಂಕ್, ಅಂದರೆ ಕೇಬಲ್ ಸಂಪರ್ಕ, ಮಾತ್ರ. ಆಮೇಲೆ ಲೈನ್ ನಿಮ್ಮದು, ಕರೆಂಟ್ ನಿಮ್ಮದು, ಬಾಕ್ಸ್ ಅವರದು ಎಂಬ ವಾದ ಶುರುವಾಗಿ ದಿನವೇ ಮುಗಿಯುತ್ತದೆ.

ಈ ವಾದ ಬಗೆಹರಿಸುವ ಸಾಧನ ಬಂದು ಬಹಳ ಕಾಲವಾಯಿತು. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 2004ರ 802.3ಎಎಚ್ ಮಾನದಂಡದಲ್ಲಿ ಲಿಂಕ್ ಓಎಎಂ (ಆಪರೇಷನ್ಸ್, ಅಡ್ಮಿನಿಸ್ಟ್ರೇಷನ್ ಆ್ಯಂಡ್ ಮೇಂಟೆನೆನ್ಸ್) ಎಂಬ ಪ್ರೊಟೊಕಾಲ್, ಅಂದರೆ ಲಿಂಕಿನ ಆರೋಗ್ಯ ನೋಡುವ ನಿಯಮಾವಳಿ, ಇದೆ. ಲಿಂಕಿನ ಎರಡೂ ತುದಿಯ ಪೋರ್ಟ್‌ಗಳು ಸೆಕೆಂಡಿಗೊಂದು ಸಣ್ಣ ಫ್ರೇಮ್ (ಡೇಟಾದ ಕಟ್ಟು) ಕಳಿಸಿ ಪರಸ್ಪರ ಕ್ಷೇಮ ವಿಚಾರಿಸುತ್ತವೆ. 5 ಸೆಕೆಂಡ್ ಆ ಕಡೆಯಿಂದ ಸದ್ದಿಲ್ಲದಿದ್ದರೆ ಸಂಪರ್ಕ ತಪ್ಪಿತೆಂದು ದಾಖಲಾಗುತ್ತದೆ. ಸೆಕೆಂಡಿಗೆ ಇಂಥ 10ಕ್ಕಿಂತ ಹೆಚ್ಚು ಫ್ರೇಮ್ ಹೋಗಬಾರದೆಂಬ ನಿಯಮ ಇರುವುದರಿಂದ ಲೈನಿಗೆ ಭಾರವೂ ಇಲ್ಲ. ಇಂಟರ್ನೆಟ್ ಸೇವಾ ಸಂಸ್ಥೆಗಳು ಬಳಸುವ ದರ್ಜೆಯ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್‌ಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆನ್ ಮಾಡದೆ ಬಿಡುತ್ತಾರೆ ಅಷ್ಟೇ, ನಮ್ಮ ತಕರಾರು ಅದೇ.

ಪೋರ್ಟಿನ ಹಸಿರು ದೀಪ ಹೇಳುವುದು ‘ಸಿಗ್ನಲ್ ಬರುತ್ತಿದೆ’ ಎಂಬಷ್ಟನ್ನೇ. ಇಳಕಲ್ಲಿನ ಗ್ರಾನೈಟ್ ಧೂಳು ಕನೆಕ್ಟರಿನ ಮುಖಕ್ಕೆ ಕೂತರೂ ದೀಪ ಹತ್ತಿಯೇ ಇರುತ್ತದೆ. ದೂರದ ಲೈನಿಗೆ ಬಳಸುವ ಸಿಂಗಲ್ ಮೋಡ್ ಫೈಬರಿನಲ್ಲಿ (ಬೆಳಕಿನಿಂದ ಡೇಟಾ ಒಯ್ಯುವ ಗಾಜಿನ ಎಳೆ) ಬೆಳಕು ಹಾಯುವ ತಿರುಳು ಸುಮಾರು 9 ಮೈಕ್ರಾನ್ ಅಗಲ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಅದರ ಮೇಲೆ ಒಂದು ಕಣ ಸಾಕು. ಕಬ್ಬಿನ ಹಂಗಾಮಿನಲ್ಲಿ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ಜೋತುಬಿದ್ದ ಕೇಬಲ್ಲನ್ನು ಎಳೆದಾಗಲೂ ಹೀಗೇ: ತುಂಡಾದರೆ ಕೂಡಲೇ ಗೊತ್ತಾಗುತ್ತದೆ, ಬಾಗಿ ಉಳಿದರೆ ಗೊತ್ತಾಗುವುದಿಲ್ಲ. ಲಿಂಕ್ ಬೀಳದೆ ಫ್ರೇಮ್‌ಗಳು ಮಾತ್ರ ಕೆಡುತ್ತವೆ. ಓಎಎಂ ಹಿಡಿಯುವುದು ಇದನ್ನೇ. ಗೊತ್ತುಪಡಿಸಿದ ಅವಧಿಯಲ್ಲಿ ಕೆಟ್ಟ ಫ್ರೇಮ್‌ಗಳು ಮಿತಿ ದಾಟಿದರೆ ಎದುರು ತುದಿಗೆ ಸೂಚನೆ ಹೋಗುತ್ತದೆ. 1 ಸೆಕೆಂಡಿಗೆ 1 ಫ್ರೇಮ್ ಎಂಬ ಡೀಫಾಲ್ಟ್ ಮಿತಿ ಇಟ್ಟರೆ ಲಾಗ್ ತುಂಬಿಹೋಗುತ್ತದೆ. ಮೊದಲು ವಾರವೊಂದು ನೋಡಿ, ನಿಮ್ಮ ಲೈನಿಗೆ ತಕ್ಕಂತೆ ಏರಿಸಿ. ಮಿತಿ ದಾಟಿದಾಗ ಪೋರ್ಟ್ ಬಂದ್ ಮಾಡುವ ಆಯ್ಕೆಯೂ ಕೆಲವು ಸ್ವಿಚ್‌ಗಳಲ್ಲಿದೆ. ಒಂದೇ ಲೈನಿರುವ ಕಚೇರಿಯಲ್ಲಿ ಅದನ್ನು ಮುಟ್ಟಬೇಡಿ, ಕುಂಟುತ್ತಿದ್ದ ಸಂಪರ್ಕವೂ ಪೂರ್ತಿ ಹೋಗುತ್ತದೆ.

ಸೂಚನೆ ಬಂದರೆ ಬೆಳಕಿನ ಮಟ್ಟ ನೋಡಬೇಕು. ಗಿಗಾಬಿಟ್ ವೇಗದ 1000ಬೇಸ್-ಎಲ್‌ಎಕ್ಸ್ ಫೈಬರ್ ಮಾಡ್ಯೂಲ್ ಮೈನಸ್ 19 ಡಿಬಿಎಂವರೆಗಿನ ಬೆಳಕನ್ನು ಓದಬಲ್ಲದು (ಡಿಬಿಎಂ ಬೆಳಕಿನ ಬಲದ ಅಳತೆ, ಮೈನಸ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕ್ಷೀಣ). 8 ಕಿ.ಮೀ. ಲೈನಿನಲ್ಲಿ ಕಿ.ಮೀ.ಗೆ 0.35ರಂತೆ 2.8 ಡಿಬಿ ನಷ್ಟ, ಕನೆಕ್ಟರ್ ಮತ್ತು ಸ್ಪ್ಲೈಸ್‌ಗಳಿಗೆ (ಫೈಬರ್ ಬೆಸುಗೆ) 2-3 ಡಿಬಿ ಕಳೆಯಿರಿ. ಮೈನಸ್ 6ರಲ್ಲಿ ಹೊರಟ ಬೆಳಕು ಮೈನಸ್ 12ರ ಆಸುಪಾಸಿನಲ್ಲಿ ತಲುಪಬೇಕು. ಮೈನಸ್ 18 ತೋರಿಸುತ್ತಿದ್ದರೆ ಮೊದಲು ಕನೆಕ್ಟರ್ ಒರೆಸಿ, ಅದೂ ಫೈಬರ್ ಕ್ಲೀನರಿನಿಂದ. ಅಂಗಿಯ ತುದಿಯಿಂದ ಒರೆಸಿದರೆ ಧೂಳು ಗೀರಾಗುತ್ತದೆ, ಗೀರು ಹೋಗುವುದಿಲ್ಲ.

ತಾಮ್ರದ ಕೇಬಲ್ಲಿನಲ್ಲಿ ಬೇರೆ ಕಾಯಿಲೆ. ಒಂದು ತುದಿಯನ್ನು 100 ಮೆಗಾಬಿಟ್ ಫುಲ್ ಡ್ಯೂಪ್ಲೆಕ್ಸ್‌ಗೆ (ಏಕಕಾಲಕ್ಕೆ ಕಳಿಸುವುದು, ಪಡೆಯುವುದು ಎರಡೂ) ಕಟ್ಟಿಹಾಕಿ ಇನ್ನೊಂದನ್ನು ಆಟೊದಲ್ಲಿ ಬಿಟ್ಟರೆ ಆಟೊ ತುದಿ ಹಾಫ್‌ಗೆ (ಒಮ್ಮೆಗೆ ಒಂದೇ) ಇಳಿಯುತ್ತದೆ. ಫುಲ್ ಕಡೆ ಸಿಆರ್‌ಸಿ ದೋಷ (ಕೆಟ್ಟು ಬಂದ ಫ್ರೇಮ್), ಹಾಫ್ ಕಡೆ ಲೇಟ್ ಕೊಲಿಜನ್ (ತಡವಾದ ಡಿಕ್ಕಿ). ಪಿಂಗ್ (ಸಂಪರ್ಕ ಪರೀಕ್ಷಿಸುವ ಸಣ್ಣ ಸಂದೇಶ) ಚೆನ್ನಾಗಿ ಹೋಗುತ್ತದೆ, ಫೈಲ್ ಮಾತ್ರ ತೆವಳುತ್ತದೆ. ಎದುರು ತುದಿಯ ದೋಷಗಳ ಎಣಿಕೆಯನ್ನೂ (ಕೌಂಟರ್) ಇಲ್ಲಿಂದಲೇ ಓದುವ ಸೌಲಭ್ಯ ಓಎಎಂನಲ್ಲಿದೆ, ಎರಡೂ ತುದಿಯವರು ಅದಕ್ಕೆ ಒಪ್ಪಿರಬೇಕು ಅಷ್ಟೇ.

ಕರೆಂಟ್ ಹೋದಾಗ ಕೆಲವು ಸಾಧನಗಳು ಆರುವ ಮುನ್ನ ಒಂದು ಕೊನೆಯುಸಿರಿನ ಸಂದೇಶ ಕಳಿಸುತ್ತವೆ, ಡೈಯಿಂಗ್ ಗ್ಯಾಸ್ಪ್ ಎಂದು ಅದರ ಹೆಸರು. ಆ ಕ್ಷಣಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಒಳಗಿನ ಕೆಪ್ಯಾಸಿಟರ್ ಹಿಡಿದಿಟ್ಟಿರಬೇಕು, ಕೊಳ್ಳುವ ಮುನ್ನ ಕೇಳಿ. ಸಂದೇಶ ಬಂದು ಲಿಂಕ್ ಬಿದ್ದಿದ್ದರೆ ಕರೆಂಟಿನ ಸಮಸ್ಯೆ. ಬಾರದೆ ಬಿದ್ದಿದ್ದರೆ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರದವರನ್ನು ಕರೆಯಿರಿ. ವಿಜಯಪುರದಿಂದ ಸಿಂದಗಿಗೆ ಸುಮ್ಮನೆ ಒಬ್ಬರನ್ನು ಓಡಿಸುವುದು ಇದರಿಂದಲೇ ತಪ್ಪುತ್ತದೆ.

ಓಎಎಂ ಆನ್ ಮಾಡುವಾಗ ಮುಖ್ಯ ಕಚೇರಿಯ ಪೋರ್ಟನ್ನು ಆ್ಯಕ್ಟಿವ್ (ಮಾತು ಶುರುಮಾಡುವ), ದೂರದ್ದನ್ನು ಪ್ಯಾಸಿವ್ (ಉತ್ತರಿಸುವ) ಇಡಿ. ಎರಡೂ ಪ್ಯಾಸಿವ್ ಆದರೆ ಮಾತೇ ಶುರುವಾಗದು. ನಡುವೆ ಅಗ್ಗದ ಮೀಡಿಯಾ ಕನ್ವರ್ಟರ್ (ತಾಮ್ರ-ಫೈಬರ್ ಬದಲಾಯಿಸುವ ಪೆಟ್ಟಿಗೆ) ಇದ್ದು ಅದರೊಳಗೆ ಸ್ವಿಚ್ ಚಿಪ್ ಇದ್ದರೆ ಓಎಎಂ ಫ್ರೇಮ್ ಅಲ್ಲಿಯೇ ನಿಲ್ಲುತ್ತದೆ, ಡಿಸ್ಕವರಿ (ಎರಡು ತುದಿಗಳ ಪರಸ್ಪರ ಪರಿಚಯ) ಮುಗಿಯುವುದೇ ಇಲ್ಲ. ಸಾಧ್ಯವಿದ್ದಲ್ಲಿ ಕನ್ವರ್ಟರ್ ತೆಗೆದು ಫೈಬರನ್ನು ನೇರವಾಗಿ ಸ್ವಿಚ್ಚಿನ ಎಸ್‌ಎಫ್‌ಪಿಗೆ (ಕಿತ್ತು ಹಾಕಬಹುದಾದ ಫೈಬರ್ ಮಾಡ್ಯೂಲ್) ಕೊಡಿ. ರಿಮೋಟ್ ಲೂಪ್‌ಬ್ಯಾಕ್ ಪರೀಕ್ಷೆ (ಕಳಿಸಿದ ಫ್ರೇಮ್ ಎದುರು ತುದಿಯಿಂದ ಮರಳುವಂತೆ ಮಾಡಿ ಲೈನ್ ಪರೀಕ್ಷಿಸುವುದು) ಕಚೇರಿ ಮುಚ್ಚಿದ ಮೇಲೆಯೇ ಆಗಲಿ. ಆ ಹೊತ್ತಿನಲ್ಲಿ ಎದುರು ಪೋರ್ಟ್ ಓಎಎಂ ಬಿಟ್ಟು ಉಳಿದ ಎಲ್ಲ ಫ್ರೇಮನ್ನೂ ಹಿಂದಿರುಗಿಸುವುದರಿಂದ ಜನರ ಕೆಲಸ ನಿಲ್ಲುತ್ತದೆ.

ಲಿಂಕ್ ಓಎಎಂ ಒಂದು ಲಿಂಕಿನಾಚೆ ನೋಡುವುದಿಲ್ಲ, ಹಲವು ಸ್ವಿಚ್ ದಾಟಿದ ಹಾದಿಗೆ 2007ರ 802.1ಎಜಿ ಎಂಬ ಬೇರೆ ಮಾನದಂಡ ಬೇಕು. ಪಂಚಾಯಿತಿಗೆ ಬಂದಿರುವುದು ಜಿಪಾನ್ (ಒಂದೇ ಫೈಬರನ್ನು ಹಲವರಿಗೆ ಹಂಚುವ ವ್ಯವಸ್ಥೆ) ಆಗಿದ್ದರೆ ಆ ಫೈಬರಿನ ನಿಗಾ ಅದರದೇ ನಿರ್ವಹಣಾ ಪ್ರೊಟೊಕಾಲ್ ಒಎಂಸಿಐ ಕೆಲಸ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಚೇರಿ, ಕಾಲೇಜು, ಸಕ್ಕರೆ ಕಾರ್ಖಾನೆಗಳು ವಾರ್ಷಿಕ ನಿರ್ವಹಣೆ ಒಪ್ಪಂದ ಬರೆಯುವಾಗ ಇಷ್ಟು ಸೇರಿಸಲಿ: ಲೈನ್ ಒಪ್ಪಿಸುವ ದಿನ ಡಿಸ್ಕವರಿ ಪೂರ್ಣವಾದ ಪುರಾವೆ, 64 ಮತ್ತು 1518 ಬೈಟ್ ಫ್ರೇಮ್‌ಗಳಿಂದ ಮಾಡಿದ ಲೂಪ್‌ಬ್ಯಾಕ್ ಪರೀಕ್ಷೆಯ ಫಲಿತಾಂಶ, ಎರಡೂ ತುದಿಯ ಬೆಳಕಿನ ರೀಡಿಂಗ್. ಮೂರನ್ನೂ ದಿನಾಂಕದೊಂದಿಗೆ ರಿಜಿಸ್ಟರಿನಲ್ಲಿ ಬರೆಸಿ, ಎರಡೂ ಕಡೆಯವರ ಸಹಿ ಹಾಕಿಸಲಿ.

— ನೆಟ್‌ವರ್ಕ್ ನಿರ್ವಹಣೆಯ ತಂತ್ರಜ್ಞರು, ಬಾಗಲಕೋಟೆ